ಕೊಲಾಬಾದಿಂದ ಅಲಿಬಾಗಿಗೆ: ಒಂದು ಕಾಂತದ ಮುಳ್ಳಿನ ಕತೆ

ಹಜ್ಜಿಗೆ ಹೋಗಿ ಬಂದವರು ನೆಂಟರಿಷ್ಟರಿಗೆ ಹಂಚಲು ತರುವ ವಸ್ತುಗಳಲ್ಲಿ ಖರ್ಜೂರ, ಝಮ್‌ಝಮ್ ನೀರು, ಜಪಮಾಲೆಗಳ ಜೊತೆ ಕೆಲವೊಮ್ಮೆ ಒಂದು ಪುಟ್ಟ ಡಬ್ಬಿಯೂ ಇರುತ್ತದೆ. ಅದೇ ಕಿಬ್ಲಾನುಮಾ. ಗಾಜಿನ ಕೆಳಗೆ ಕಾಂತದ ಮುಳ್ಳೊಂದು ತಿರುಗುತ್ತದೆ. ಮಲ್ಪೆ, ಮಂಗಳೂರಿನ ಬೋಟುಗಳಲ್ಲಿ ಇಂದು ಜಿಪಿಎಸ್ ಬಂದಿದ್ದರೂ ಅದರ ಪಕ್ಕದಲ್ಲಿ ಹಳೆಯ ದಿಕ್ಸೂಚಿಗೆ ಇನ್ನೂ ಜಾಗವಿದೆ. ಶಾಲೆಯ ಪ್ರಯೋಗಶಾಲೆಯ ಕಪಾಟಿನಲ್ಲೂ ಅಂಥದೊಂದು ಇರುತ್ತದೆ. ಮುಳ್ಳು ಉತ್ತರವನ್ನು ತೋರಿಸುತ್ತದೆ ಎಂದು ನಮಗೆಲ್ಲ ಕಲಿಸಲಾಗಿದೆ. ನಾವದನ್ನು ನಂಬಿದ್ದೇವೆ.

ಆದರೆ ಇದು ಪೂರ್ತಿ ನಿಜವಲ್ಲ. ಮುಳ್ಳು ತೋರಿಸುವ ಉತ್ತರಕ್ಕೂ ನಿಜವಾದ ಉತ್ತರಕ್ಕೂ ನಡುವೆ ಹೆಚ್ಚಿನ ಊರುಗಳಲ್ಲಿ ಕೊಂಚ ಅಂತರವಿರುತ್ತದೆ. ಆ ಅಂತರ ಊರಿಂದ ಊರಿಗೆ ಬೇರೆ. ಒಂದೇ ಊರಿನಲ್ಲೂ ವರ್ಷದಿಂದ ವರ್ಷಕ್ಕೆ ಬೇರೆ. ಇಷ್ಟೇ ಅಲ್ಲ, ನಮ್ಮ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾಗಿ ಮುಳ್ಳು ಪ್ರತಿದಿನ ಬೆಳಗಿನಿಂದ ಸಂಜೆಯವರೆಗೆ ಆಚೀಚೆ ಸರಿಯುತ್ತಿರುತ್ತದೆ. ಅಪರೂಪಕ್ಕೊಮ್ಮೆ ಜ್ವರ ಬಂದವರಂತೆ ನಡುಗುತ್ತದೆ. ಈ ನಡುಕಕ್ಕೆ ಕಾರಣ ಭೂಮಿಯಲ್ಲಿಲ್ಲ, ಹದಿನೈದು ಕೋಟಿ ಕಿಲೋಮೀಟರ್ ದೂರದ ಸೂರ್ಯನಲ್ಲಿದೆ. ಇದನ್ನು ತಿಳಿಯಲು ಮನುಷ್ಯನಿಗೆ ಬಹಳ ಕಾಲ ಬೇಕಾಯಿತು. ಹಾಗೆ ತಿಳಿದ ಕತೆಯ ಒಂದು ದೊಡ್ಡ ಅಧ್ಯಾಯ ನಮ್ಮ ಬೊಂಬಾಯಿಯಲ್ಲಿ ನಡೆಯಿತೆಂಬುದು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಅದನ್ನು ನೆನಪಿಸುವುದೇ ಈ ಬರಹದ ಉದ್ದೇಶ.

ಕಾಂತದ ಮುಳ್ಳಿನ ಗುಣವನ್ನು ಮೊದಲು ಬರೆದಿಟ್ಟವರು ಚೀನಾದವರು. ಶೆನ್ ಕುವೊ ಎಂಬ ವಿದ್ವಾಂಸ 1088ರ ಸುಮಾರಿಗೇ ಮುಳ್ಳು ನೇರ ದಿಕ್ಕಿನಿಂದ ತುಸು ಸರಿದು ನಿಲ್ಲುತ್ತದೆಂದು ಗಮನಿಸಿದ್ದ. ಹದಿಮೂರನೆಯ ಶತಮಾನದ ಹೊತ್ತಿಗೆ ಅರಬ್ ನಾವಿಕರ ಕೈಯಲ್ಲಿ ದಿಕ್ಸೂಚಿ ಇತ್ತು. ಯೆಮನ್‌ನ ರಸೂಲಿ ವಂಶದ ಸುಲ್ತಾನ ಅಲ್ ಅಶ್ರಫ್ ಸ್ವತಃ ಖಗೋಳ ಬಲ್ಲವನು. ಕಿಬ್ಲಾದ ದಿಕ್ಕು ಕಾಣಲು ಕಾಂತದ ಮುಳ್ಳನ್ನು ಬಳಸುವ ಬಗೆಯನ್ನು ಅವನು ಆ ಶತಮಾನದ ಕೊನೆಯಲ್ಲಿ ಬರೆದಿಟ್ಟ. 1600ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ಗಿಲ್ಬರ್ಟ್, ಭೂಮಿಯೇ ಒಂದು ದೊಡ್ಡ ಅಯಸ್ಕಾಂತ ಎಂದು ಸಾರಿದ. ಹೀಗೆ ಈ ಮುಳ್ಳಿನ ವಿದ್ಯೆ ಯಾವುದೋ ಒಂದು ಜನಾಂಗದ ಸೊತ್ತಾಗಿ ಉಳಿಯಲಿಲ್ಲ. ಕೈಯಿಂದ ಕೈಗೆ, ಬಂದರಿನಿಂದ ಬಂದರಿಗೆ ಸಾಗಿ ಬಂತು.

ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಜರ್ಮನಿಯ ಗಣಿತಜ್ಞ ಗೌಸ್ ಮತ್ತು ಅವನ ಗೆಳೆಯ ವೆಬರ್ ಭೂಮಿಯ ಕಾಂತಬಲವನ್ನು ನಿಖರವಾಗಿ ಅಳೆಯುವ ದಾರಿ ತೋರಿದರು. ಒಬ್ಬ ಒಂದೆಡೆ ಕುಳಿತು ಅಳೆದರೆ ಸಾಲದು, ಜಗತ್ತಿನ ಹಲವು ಕಡೆ ಒಂದೇ ಹೊತ್ತಿನಲ್ಲಿ ಅಳೆಯಬೇಕು ಎಂಬುದು ಅವರ ವಾದ. ಬ್ರಿಟಿಷರಿಗೆ ಇದರಲ್ಲಿ ಆಸಕ್ತಿ ಮೂಡಲು ವಿಜ್ಞಾನವೊಂದೇ ಕಾರಣವಾಗಿರಲಿಲ್ಲ. ಅವರ ಸಾಮ್ರಾಜ್ಯ ನಿಂತದ್ದು ಹಡಗುಗಳ ಮೇಲೆ, ಹಡಗುಗಳು ನಡೆದದ್ದು ದಿಕ್ಸೂಚಿಯ ಮೇಲೆ. ಹೀಗಾಗಿ 1840ರ ಆಸುಪಾಸಿನಲ್ಲಿ ಟೊರಾಂಟೊ, ಸೇಂಟ್ ಹೆಲೆನಾ, ಗುಡ್‌ಹೋಪ್ ಭೂಶಿರ, ಹೋಬಾರ್ಟ್‌ಗಳಲ್ಲಿ ಕಾಂತ ವೀಕ್ಷಣಾಲಯಗಳು ಎದ್ದವು. ಈಸ್ಟ್ ಇಂಡಿಯಾ ಕಂಪನಿ ತನ್ನ ಪಾಲಿಗೆ ಶಿಮ್ಲಾ, ಮದರಾಸು, ಸಿಂಗಾಪುರ ಮತ್ತು ಬೊಂಬಾಯಿಗಳಲ್ಲಿ ಈ ಕೆಲಸ ಆರಂಭಿಸಿತು. ಶಿಮ್ಲಾ, ಸಿಂಗಾಪುರಗಳಲ್ಲಿ ಕೆಲವೇ ವರ್ಷಗಳಲ್ಲಿ ಅದು ನಿಂತುಹೋಯಿತು. ಬೊಂಬಾಯಿಯಲ್ಲಿ ನಿಲ್ಲಲಿಲ್ಲ.

ಬೊಂಬಾಯಿಯ ದಕ್ಷಿಣದ ತುದಿ ಕೊಲಾಬಾ. ಅಲ್ಲಿ 1826ರಲ್ಲೇ ಕಂಪನಿಯವರು ಒಂದು ವೀಕ್ಷಣಾಲಯ ಕಟ್ಟಿದ್ದರು. ನಕ್ಷತ್ರ ನೋಡಿ ಸಮಯ ಗೊತ್ತುಮಾಡುವುದು, ಬಂದರಿನ ಹಡಗುಗಳ ಗಡಿಯಾರ ಸರಿಪಡಿಸಲು ನೆರವಾಗುವುದು ಅದರ ಕೆಲಸ. 1841ರಲ್ಲಿ ಎಲ್ಫಿನ್‌ಸ್ಟನ್ ವಿದ್ಯಾಸಂಸ್ಥೆಯ ಪ್ರಾಧ್ಯಾಪಕ ಆರ್ಥರ್ ಬೆಡ್ಫರ್ಡ್ ಒರ್ಲೆಬಾರ್ ಅಲ್ಲಿ ಕಾಂತಬಲದ ಅಳತೆ ಶುರುಮಾಡಿದ. 1846ರಿಂದ ಅದು ಕ್ರಮಬದ್ಧವಾಗಿ ನಡೆಯತೊಡಗಿತು. ಆಗ ಧಾರವಾಡ, ಬೆಳಗಾವಿ ಎರಡೂ ಬೊಂಬಾಯಿ ಪ್ರಾಂತದಲ್ಲಿದ್ದವು. 1862ರಲ್ಲಿ ಉತ್ತರ ಕನ್ನಡವೂ ಅಲ್ಲಿಗೆ ಸೇರಿತು. ಕನ್ನಡ ನಾಡಿನ ಒಂದು ದೊಡ್ಡ ಭಾಗಕ್ಕೆ ಕೊಲಾಬಾ ತಮ್ಮದೇ ಪ್ರಾಂತದ ವೀಕ್ಷಣಾಲಯವಾಗಿತ್ತು ಎನ್ನಲು ಅಡ್ಡಿಯಿಲ್ಲ.

ಕಟ್ಟಿಸಿದವರು ಬ್ರಿಟಿಷರಾದರೂ ದುಡಿದವರು ಇಲ್ಲಿಯವರು. 1832ರಲ್ಲಿ 'ದರ್ಪಣ' ಪತ್ರಿಕೆ ಹೊರಡಿಸಿ ಮರಾಠಿ ಪತ್ರಿಕೋದ್ಯಮದ ಜನಕ ಎನಿಸಿದ ಬಾಳಶಾಸ್ತ್ರಿ ಜಾಂಭೇಕರರು ಕೊಲಾಬಾ ವೀಕ್ಷಣಾಲಯದ ಹೊಣೆಯನ್ನೂ ಕೆಲಕಾಲ ಹೊತ್ತಿದ್ದರು. ಗಣಿತಜ್ಞ ಕೇರೊ ಲಕ್ಷ್ಮಣ ಛತ್ರೆ ಹರೆಯದಲ್ಲೇ ಇಲ್ಲಿ ಸಹಾಯಕರಾಗಿ ಸೇರಿ ಕಾಂತಬಲ ಮತ್ತು ಹವೆಯ ಅಳತೆಗಳಲ್ಲಿ ಪಳಗಿದರು. ಮುಂದೆ ಪುಣೆಯಲ್ಲಿ ಪ್ರಾಧ್ಯಾಪಕರಾದರು. ಬಾಲಗಂಗಾಧರ ತಿಲಕರು ಅವರ ಶಿಷ್ಯರು. ಹೆಸರು ಉಳಿದವರು ಇಂಥ ಕೆಲವರು. ಹಗಲೂ ರಾತ್ರಿ ಸರದಿಯ ಮೇಲೆ ಕುಳಿತು ಅಂಕಿ ಬರೆದ ಉಳಿದ ಸಹಾಯಕರ ಹೆಸರು ಪುಸ್ತಕದ ಮುಖಪುಟಕ್ಕೆ ಬರಲಿಲ್ಲ. ಮುಖಪುಟ ಅಧಿಕಾರಿಯದು.

ಆ ಕೆಲಸ ಹೇಗಿತ್ತೆಂದು ಸ್ವಲ್ಪ ನೋಡೋಣ. ಕತ್ತಲೆಗೋಣೆಯಲ್ಲಿ ಒಂದು ಕಾಂತದ ಸಲಾಕೆಯನ್ನು ಎಳೆಗಳಿಂದ ತೂಗುಬಿಟ್ಟಿರುತ್ತಾರೆ. ಅದಕ್ಕೆ ಪುಟ್ಟ ಕನ್ನಡಿ ಕಟ್ಟಿರುತ್ತದೆ. ಎದುರಿಗೆ ದೂರದರ್ಶಕ, ಅದರ ಜೊತೆಗೆ ಗೆರೆಗಳಿರುವ ಅಳತೆಪಟ್ಟಿ. ಸಲಾಕೆ ಕೂದಲೆಳೆಯಷ್ಟು ತಿರುಗಿದರೂ ಕನ್ನಡಿಯಲ್ಲಿ ಕಾಣುವ ಗೆರೆ ಬದಲಾಗುತ್ತದೆ. ಗಂಟೆ ಹೊಡೆದಾಗಲೆಲ್ಲ ಸಹಾಯಕ ದೂರದರ್ಶಕಕ್ಕೆ ಕಣ್ಣಿಟ್ಟು ಗೆರೆಯ ಸಂಖ್ಯೆ ಓದಬೇಕು, ಉಷ್ಣತೆ ಓದಬೇಕು, ಪುಸ್ತಕದಲ್ಲಿ ಬರೆಯಬೇಕು. ಹತ್ತಿರ ಕಬ್ಬಿಣದ ಚೂರೂ ಸುಳಿಯಬಾರದು. ಮತ್ತೆ ಮುಂದಿನ ಗಂಟೆಗೆ ಅದೇ ಕೆಲಸ. ಮಳೆಗಾಲದ ನಡುರಾತ್ರಿಯಲ್ಲೂ ಅದೇ. ಈ ಅಂಕಿಗಳಿಂದ ಏನು ಹೊರಡುತ್ತದೆಂದು ಬರೆಸುವವನಿಗೂ ಪೂರ್ತಿ ಗೊತ್ತಿರಲಿಲ್ಲ, ಬರೆಯುವವನಿಗೂ ಗೊತ್ತಿರಲಿಲ್ಲ.

1859ರ ಸೆಪ್ಟೆಂಬರ್ 1ರ ಬೆಳಿಗ್ಗೆ ಲಂಡನ್ನಿನ ಬಳಿ ರಿಚರ್ಡ್ ಕ್ಯಾರಿಂಗ್ಟನ್ ಎಂಬ ಖಗೋಳವೀಕ್ಷಕ ತನ್ನ ದೂರದರ್ಶಕದಿಂದ ಸೂರ್ಯನ ಬಿಂಬವನ್ನು ಪರದೆಯ ಮೇಲೆ ಮೂಡಿಸಿಕೊಂಡು ಸೂರ್ಯಕಲೆಗಳ ಚಿತ್ರ ಬರೆಯುತ್ತಿದ್ದ. ಗಂಟೆ ಹನ್ನೊಂದು ಕಳೆದು 18 ನಿಮಿಷ. ಕಲೆಗಳ ಗುಂಪಿನ ಮೇಲೆ ತಟ್ಟನೆ ಎರಡು ಬೆಳ್ಳಗಿನ ಬೆಳಕುಗಳು ಹೊಳೆದವು. ಯಾರನ್ನಾದರೂ ಸಾಕ್ಷಿಗೆ ಕರೆಯೋಣವೆಂದು ಓಡಿ, ಒಂದು ನಿಮಿಷದಲ್ಲಿ ಮರಳಿ ಬರುವಷ್ಟರಲ್ಲಿ ಬೆಳಕು ಮಂಕಾಗಿತ್ತು. ಇನ್ನೊಂದು ಕಡೆ ರಿಚರ್ಡ್ ಹಾಡ್ಜ್‌ಸನ್ ಎಂಬಾತನೂ ಅದನ್ನು ಕಂಡಿದ್ದ. ಅದು ಸೂರ್ಯನ ಮೇಲಿನ ಸ್ಫೋಟ. ಮನುಷ್ಯ ಅದನ್ನು ಕಂಡು ದಾಖಲಿಸಿದ್ದು ಅದೇ ಮೊದಲು.

ಸುಮಾರು ಹದಿನೇಳೂವರೆ ಗಂಟೆಗಳ ಬಳಿಕ ಭೂಮಿಯ ಕಾಂತಕ್ಷೇತ್ರಕ್ಕೆ ಏಟು ಬಿತ್ತು. ರಾತ್ರಿಯಿದ್ದ ಕಡೆಗಳಲ್ಲಿ ಆಕಾಶ ಕೆಂಪಾಯಿತು. ಸಾಮಾನ್ಯವಾಗಿ ಧ್ರುವಗಳ ಬಳಿ ಮಾತ್ರ ಕಾಣುವ ಧ್ರುವಪ್ರಭೆ ಕ್ಯೂಬಾ, ಹವಾಯಿಯಂಥ ಬಿಸಿಲ ನಾಡುಗಳಲ್ಲೂ ಕಂಡಿತು. ತಂತಿ ಕಚೇರಿಗಳಲ್ಲಿ ಕಿಡಿ ಹಾರಿತು. ಅಮೆರಿಕದ ಬೋಸ್ಟನ್ ಮತ್ತು ಪೋರ್ಟ್‌ಲೆಂಡ್ ನಡುವಿನ ತಂತಿಯವರು ಬ್ಯಾಟರಿಗಳನ್ನು ಕಳಚಿಟ್ಟು, ಆಕಾಶದಿಂದ ಬಂದ ವಿದ್ಯುತ್ತಿನಲ್ಲೇ ಸ್ವಲ್ಪ ಹೊತ್ತು ಸುದ್ದಿ ಕಳಿಸಿದರು.

ಬೊಂಬಾಯಿಯಲ್ಲಿ ಆಗ ಸೆಪ್ಟೆಂಬರ್ 2ರ ಬೆಳಿಗ್ಗೆ ಹತ್ತರ ಆಸುಪಾಸು. ಅಂದು ಶುಕ್ರವಾರ. ಹಗಲಾದ್ದರಿಂದ ಆಕಾಶದಲ್ಲಿ ಏನೂ ಕಾಣಲಿಲ್ಲ. ದಂಗೆ ಅಡಗಿ, ಕಂಪನಿ ಸರಕಾರ ಹೋಗಿ ರಾಣಿಯ ಸರಕಾರ ಬಂದು ಒಂದು ವರ್ಷ ತುಂಬಿರಲಿಲ್ಲ. ಊರು ತನ್ನ ಪಾಡಿಗೆ ವ್ಯಾಪಾರದಲ್ಲಿತ್ತು. ಕೊಲಾಬಾದ ಕತ್ತಲೆಗೋಣೆಯಲ್ಲಿ ಮಾತ್ರ ದೂರದರ್ಶಕಕ್ಕೆ ಕಣ್ಣಿಟ್ಟವನಿಗೆ ಗೆರೆಗಳು ಓಡುವುದು ಕಂಡಿತು. ಅಲ್ಲಿಯ ನಿಯಮ ಸ್ಪಷ್ಟವಿತ್ತು. ಮುಳ್ಳು ಅಂಕೆ ತಪ್ಪಿದರೆ ಗಂಟೆಗೊಮ್ಮೆ ಅಲ್ಲ, ಹದಿನೈದು ನಿಮಿಷಕ್ಕೊಮ್ಮೆ, ಬೇಕಾದರೆ ಐದು ನಿಮಿಷಕ್ಕೊಮ್ಮೆ ಓದಬೇಕು. ಹಾಗೆಯೇ ಓದಿದರು, ಬರೆದರು. ನಡುಹಗಲಿಗೆ ಮುನ್ನ ಭೂಮಿಯ ಅಡ್ಡಕಾಂತಬಲ ಪಾತಾಳಕ್ಕೆ ಇಳಿದಂತೆ ಇಳಿದು, ಮತ್ತೆ ಮೇಲೇರಿತು. ಇಂದಿನ ಲೆಕ್ಕದಲ್ಲಿ ಇಳಿಕೆ ಸುಮಾರು 1,600 ನ್ಯಾನೋಟೆಸ್ಲಾ. ಮಾಮೂಲಿ ದಿನ ಅಲ್ಲಿ ಮುಳ್ಳು ಆಡುವುದು ಕೆಲವು ಹತ್ತುಗಳಷ್ಟು ಮಾತ್ರ ಎಂಬುದನ್ನು ನೆನೆದರೆ ಇದರ ಗಾತ್ರ ತಿಳಿದೀತು.

ಲಂಡನ್ನಿನ ಕ್ಯೂ ವೀಕ್ಷಣಾಲಯದಲ್ಲಿ ಆಗಲೇ ಹೊಸ ಯಂತ್ರವಿತ್ತು. ಬೆಳಕಿನ ಕಿರಣ ಫೋಟೊ ಕಾಗದದ ಮೇಲೆ ತಾನೇ ಗೆರೆ ಎಳೆಯುತ್ತಿತ್ತು. ಆದರೆ ಅಲ್ಲಿ ಮುಳ್ಳು ಎಷ್ಟು ತೂಗಾಡಿತೆಂದರೆ ಬೆಳಕಿನ ಚುಕ್ಕೆ ಕಾಗದದ ಅಂಚು ದಾಟಿ ಹೊರಗೆ ಹೋಯಿತು. ಯಂತ್ರಕ್ಕೆ ಅಂಚಿನಾಚೆ ಕಾಣದು. ಬೊಂಬಾಯಿ ಭೂಮಧ್ಯರೇಖೆಗೆ ಹತ್ತಿರವಿದ್ದುದರಿಂದ ಅಲ್ಲಿಯ ಏರಿಳಿತಕ್ಕೆ ಒಂದು ಮಿತಿಯಿತ್ತು, ಮೇಲಾಗಿ ಓದುತ್ತಿದ್ದುದು ಮನುಷ್ಯನ ಕಣ್ಣು. ಹೀಗಾಗಿ ಬಿರುಗಾಳಿಯ ನಡುಮಧ್ಯ ಕೊಲಾಬಾದ ಪುಸ್ತಕದಲ್ಲಿ ಉಳಿಯಿತು. ಆ ವರ್ಷದ ಅಂಕಿಗಳನ್ನು ಮರುವರ್ಷ ಅಚ್ಚು ಹಾಕಲಾಯಿತು. ಅದರ ಮೇಲೆ ಇಂಡಿಯನ್ ನೇವಿಯ ಲೆಫ್ಟಿನೆಂಟ್ ಫರ್ಗುಸನ್‌ನ ಹೆಸರಿದೆ. ಪುಸ್ತಕ ಕಪಾಟು ಸೇರಿತು.

ಅದು ಕಪಾಟಿನಿಂದ ಹೊರಬಂದದ್ದು ಹೆಚ್ಚುಕಡಿಮೆ ನೂರ ನಲ್ವತ್ತು ವರ್ಷಗಳ ಬಳಿಕ. ಅಷ್ಟರಲ್ಲಿ ವಿಜ್ಞಾನಿಗಳಿಗೆ ಮುಳ್ಳಿನ ನಡುಕದ ಅರ್ಥ ತಿಳಿದಿತ್ತು. ಸೂರ್ಯ ಬೆಳಕನ್ನಷ್ಟೇ ಕೊಡುವುದಿಲ್ಲ. ವಿದ್ಯುತ್ತುಳ್ಳ ಕಣಗಳ ಗಾಳಿಯನ್ನೂ ಸದಾ ಬೀಸುತ್ತಿರುತ್ತಾನೆ. ಒಮ್ಮೊಮ್ಮೆ ಕೋಟ್ಯಂತರ ಟನ್ ವಸ್ತುವನ್ನು ಒಟ್ಟಿಗೇ ಎಸೆಯುತ್ತಾನೆ. ಅದು ಭೂಮಿಯ ಕಾಂತಕ್ಷೇತ್ರಕ್ಕೆ ಬಡಿದಾಗ ಭೂಮಿಯ ಸುತ್ತ, ನಡುಪಟ್ಟಿಯಂತೆ, ಒಂದು ವಿದ್ಯುತ್ ಪ್ರವಾಹ ಹರಿಯುತ್ತದೆ. ಆ ಪ್ರವಾಹ ನೆಲದ ಮೇಲಿನ ಕಾಂತಬಲವನ್ನು ತಗ್ಗಿಸುತ್ತದೆ. ಬೊಂಬಾಯಿಯಂಥ ತಾಣಗಳು ಈ ತಗ್ಗನ್ನು ಅಳೆಯಲು ತಕ್ಕ ಜಾಗಗಳು. ಇದನ್ನೆಲ್ಲ ಸೇರಿಸಿ ಇಂದು ಬಾಹ್ಯಾಕಾಶದ ಹವಾಮಾನ ಎನ್ನುತ್ತಾರೆ.

ಎಲ್ಲ ತಿಳಿದರೂ ಒಂದು ಪ್ರಶ್ನೆ ಉಳಿದಿತ್ತು. ಈ ಬಿರುಗಾಳಿ ಎಷ್ಟು ದೊಡ್ಡದಾಗಬಹುದು? ಉಪಗ್ರಹಗಳ ವಯಸ್ಸು ಕೆಲವು ದಶಕ. ಅವುಗಳ ನೆನಪಿಗೆ ಅಷ್ಟೇ ಆಳ. ಉತ್ತರ ಹಳೆಯ ಪುಸ್ತಕದಲ್ಲೇ ಇರಬೇಕಿತ್ತು. ಭಾರತೀಯ ಭೂಕಾಂತತ್ವ ಸಂಸ್ಥೆಯ ಗುರ್‌ಬಕ್ಷ್ ಸಿಂಗ್ ಲಾಖಿನಾ ಮತ್ತು ಸೋಭನಾ ಅಲೆಕ್ಸ್ ಅವರು ಅಮೆರಿಕದ ಬ್ರೂಸ್ ತ್ಸುರುತಾನಿ, ಬ್ರೆಜಿಲ್‌ನ ವಾಲ್ಟರ್ ಗೊಂಜಾಲೆಸ್ ಜೊತೆಗೂಡಿ ಕೊಲಾಬಾದ ಅಂಕಿಗಳನ್ನು ಹೊಸದಾಗಿ ಓದಿದರು. ಅಳತೆಪಟ್ಟಿಯ ಒಂದು ಗೆರೆ ಎಷ್ಟು ಬಲಕ್ಕೆ ಸಮ ಎಂಬುದನ್ನೂ ಹಿಂದಿನವರು ಬರೆದಿಟ್ಟಿದ್ದರಿಂದ ಹಳೆಯ ಸಂಖ್ಯೆಗಳನ್ನು ಇಂದಿನ ಮಾನಕ್ಕೆ ತಿರುಗಿಸಲು ಸಾಧ್ಯವಾಯಿತು. 2003ರಲ್ಲಿ ಪ್ರಕಟವಾದ ಅವರ ಬರಹ ಜಗತ್ತಿನ ಗಮನ ಸೆಳೆಯಿತು. 1859ರ ಬಿರುಗಾಳಿ ಅಳತೆಗೆ ಸಿಕ್ಕವುಗಳಲ್ಲೆಲ್ಲ ದೊಡ್ಡ ಬಿರುಗಾಳಿಗಳ ಸಾಲಿನಲ್ಲಿ ಮೊದಲಿಗೆ ಬಂತು. ಅದರ ನಿಜ ಬಲ ಎಷ್ಟೆಂಬ ಚರ್ಚೆ ಆ ಬಳಿಕವೂ ನಡೆದಿದೆ. ಗಂಟೆಯ ಸರಾಸರಿ ತೆಗೆದರೆ ಇಳಿಕೆ ಸಾವಿರದ ಆಸುಪಾಸಿಗೆ ಬರುತ್ತದೆಂದು ಹೇಳುವವರಿದ್ದಾರೆ. ಒಂದು ಮಾತು ಮಾತ್ರ ಎಲ್ಲರಿಗೂ ಒಪ್ಪಿಗೆ. ವಾದಿಸುವ ಎರಡೂ ಕಡೆಯವರು ತೆರೆದಿಟ್ಟುಕೊಳ್ಳುವುದು ಅದೇ ಕೊಲಾಬಾದ ಪುಸ್ತಕವನ್ನು.

ಹದಿಮೂರು ವರ್ಷಗಳ ಬಳಿಕ, 1872ರ ಫೆಬ್ರವರಿ 4ರ ರಾತ್ರಿ ಬೊಂಬಾಯಿಯವರಿಗೆ ಆಕಾಶವೂ ಸಾಕ್ಷಿ ಹೇಳಿತು. ನಗರದಲ್ಲಿ ಧ್ರುವಪ್ರಭೆ ಕಂಡಿತೆಂದೂ, ಬೊಂಬಾಯಿ ಮತ್ತು ಏಡನ್ ನಡುವಿನ ಸಮುದ್ರದಡಿಯ ತಂತಿ ಗಂಟೆಗಟ್ಟಲೆ ಕೆಟ್ಟಿತೆಂದೂ ಟೈಮ್ಸ್ ಆಫ್ ಇಂಡಿಯಾ ವರದಿ ಮಾಡಿತು. ಆ ರಾತ್ರಿಯ ಬಿರುಗಾಳಿಯೂ ಕೊಲಾಬಾದಲ್ಲಿ ದಾಖಲಾಯಿತು. ಆಗ ವೀಕ್ಷಣಾಲಯ ಚಾರ್ಲ್ಸ್ ಚೇಂಬರ್ಸ್‌ನ ಕೈಯಲ್ಲಿತ್ತು. ಫೋಟೊ ಕಾಗದದ ಯಂತ್ರಗಳು ಕೊಲಾಬಾಕ್ಕೂ ಬಂದಿದ್ದು ಅವನ ಕಾಲದಲ್ಲೇ.

1896ರಲ್ಲಿ ಆ ಸ್ಥಾನಕ್ಕೆ ಮೊದಲ ಬಾರಿಗೆ ಒಬ್ಬ ಭಾರತೀಯ ಬಂದರು. ಅವರೇ ನಾನಾಭಾಯಿ ಅರ್ದೇಶೀರ್ ಫ್ರಾಮ್‌ಜಿ ಮೂಸ್. ಪಾರ್ಸಿ ಮನೆತನದವರು, ಪುಣೆಯಲ್ಲಿ ಎಂಜಿನಿಯರಿಂಗ್, ಎಡಿನ್‌ಬರೊದಲ್ಲಿ ವಿಜ್ಞಾನ ಓದಿದವರು. ಹುಟ್ಟಿದ ವರ್ಷ 1859, ಅಂದರೆ ಆ ದೊಡ್ಡ ಬಿರುಗಾಳಿಯ ವರ್ಷ. 1919ರವರೆಗೆ ಅವರು ನಿರ್ದೇಶಕರಾಗಿದ್ದರು. ಅವರ ಮುಂದೆ ಬಂದ ಸಂಕಟ ಆಕಾಶದ್ದಲ್ಲ, ಊರಿನದು.

ಬೊಂಬಾಯಿಯಲ್ಲಿ 1874ರಿಂದ ಕುದುರೆ ಎಳೆಯುವ ಟ್ರಾಮುಗಳಿದ್ದವು. ಇಪ್ಪತ್ತನೆಯ ಶತಮಾನ ಹುಟ್ಟುವ ಹೊತ್ತಿಗೆ ವಿದ್ಯುತ್ ಟ್ರಾಮ್ ತರುವ ಮಾತು ಗಟ್ಟಿಯಾಯಿತು. ಊರಿಗೆ ಅದು ಬೇಕಿತ್ತು. ಗಿರಣಿಗೆ ಹೋಗುವ ಕೂಲಿಗೆ, ಕಚೇರಿಗೆ ಹೋಗುವ ಗುಮಾಸ್ತನಿಗೆ ಅಗ್ಗದ ಸವಾರಿ ಬೇಡವೆನ್ನುವವರು ಯಾರು? ಆದರೆ ಟ್ರಾಮಿನ ವಿದ್ಯುತ್ತು ಹಳಿಯ ಮೂಲಕ ಮರಳುವಾಗ ಸ್ವಲ್ಪ ನೆಲಕ್ಕೂ ಸೋರುತ್ತದೆ. ಸೋರಿದ ಪ್ರವಾಹ ಸುತ್ತಲ ಕಾಂತಬಲವನ್ನು ಕದಡುತ್ತದೆ. ಆ ಮೇಲೆ ಮುಳ್ಳು ನಡುಗಿದರೆ ಅದು ಸೂರ್ಯನ ಸುದ್ದಿಯೋ, ಟ್ರಾಮ್ ಸಾಗಿದ ಸುದ್ದಿಯೋ ಹೇಳುವಂತಿಲ್ಲ. ಇದು ಬೊಂಬಾಯಿಯದೊಂದೇ ಕತೆಯಲ್ಲ. ಇದೇ ಕಾರಣಕ್ಕೆ ಟೊರಾಂಟೊದ ಕಾಂತ ವೀಕ್ಷಣಾಲಯ 1898ರಲ್ಲಿ ಊರ ಹೊರಗಿನ ಅಜಿನ್‌ಕೋರ್ಟಿಗೆ ಹೋಯಿತು. ಕ್ಯೂದ ಕೆಲಸ 1908ರಲ್ಲಿ ಸ್ಕಾಟ್ಲೆಂಡಿನ ಎಸ್ಕ್‌ಡೇಲ್‌ಮ್ಯೂರ್‌ಗೆ ಹೋಯಿತು. ಗ್ರೀನಿಚ್ ಕೂಡ ರೈಲು ವಿದ್ಯುತ್ತಿಗೆ ತಿರುಗಿದಾಗ ತನ್ನ ಕಾಂತಮಾಪಕಗಳನ್ನು ಹೊರಗೆ ಸಾಗಿಸಬೇಕಾಯಿತು.

ಮೂಸ್ ಟ್ರಾಮ್ ಬೇಡವೆಂದು ಹಟ ಹಿಡಿಯಲಿಲ್ಲ. ತಮ್ಮ ಮುಳ್ಳಿಗೆ ಬೇರೆ ಮನೆ ಹುಡುಕಿದರು. ಸಮುದ್ರದಾಚೆ, ಬೊಂಬಾಯಿಯಿಂದ ದಕ್ಷಿಣಕ್ಕೆ ಸುಮಾರು ಮೂವತ್ತು ಕಿಲೋಮೀಟರ್ ದೂರದ ಅಲಿಬಾಗ್ ಸಿಕ್ಕಿತು. ಅಲ್ಲಿಯ ಕಪ್ಪು ಕಲ್ಲಿನಲ್ಲಿ ಕಬ್ಬಿಣದಂಶವಿರುವುದರಿಂದ ಕಟ್ಟಡಕ್ಕೆ ದೂರದ ಪೋರ್‌ಬಂದರಿನಿಂದ ಕಾಂತಗುಣವಿಲ್ಲದ ಕಲ್ಲು ತರಿಸಿದರು. ಮೊಳೆ, ಚಿಲಕ, ಬಿಜಾಗರಿ ಯಾವುದೂ ಕಬ್ಬಿಣದ್ದಲ್ಲ, ತಾಮ್ರ ಹಿತ್ತಾಳೆಯವು. ಒಳಗಿನ ಉಷ್ಣತೆ ಬದಲಾಗದಂತೆ ಕೋಣೆಯೊಳಗೆ ಕೋಣೆ ಕಟ್ಟಿದರು.

ಇಲ್ಲಿಯವರೆಗಿನದು ಬರೀ ಸ್ಥಳಾಂತರದ ಕತೆ. ನಮಗೆ ಮುಖ್ಯವೆನಿಸಿದ್ದು ಆ ಮೇಲೆ ಅವರು ಮಾಡಿದ ಕೆಲಸ. ಕೊಲಾಬಾದ ಬಾಗಿಲು ಹಾಕಿ ಅಲಿಬಾಗಿನ ಬಾಗಿಲು ತೆರೆದಿದ್ದರೆ ಸರಕಾರಕ್ಕೆ ಖರ್ಚು ಉಳಿಯುತ್ತಿತ್ತು, ಆದರೆ ಅರವತ್ತು ವರ್ಷಗಳ ಲೆಕ್ಕಕ್ಕೂ ಹೊಸ ಲೆಕ್ಕಕ್ಕೂ ನಡುವೆ ಬಿರುಕು ಬೀಳುತ್ತಿತ್ತು. ಎರಡು ಊರಿನ ಕಾಂತಬಲ ಒಂದೇ ಅಲ್ಲ. ಒಂದರ ಅಂಕಿಯನ್ನು ಇನ್ನೊಂದರ ಜೊತೆ ಸುಮ್ಮನೆ ಹೊಲಿಯಲಾಗದು. ಅದಕ್ಕಾಗಿ 1904ರಿಂದ 1906ರವರೆಗೆ, ಎರಡು ವರ್ಷ, ಎರಡೂ ಕಡೆ ಏಕಕಾಲದಲ್ಲಿ ಅಳತೆ ನಡೆಸಿದರು. ಎರಡರ ನಡುವಿನ ವ್ಯತ್ಯಾಸ ಖಚಿತವಾದ ಮೇಲೆ 1906ರ ಏಪ್ರಿಲಿನಲ್ಲಿ ಕೊಲಾಬಾದ ಕಾಂತದ ಕೆಲಸ ನಿಲ್ಲಿಸಿದರು. ಬೊಂಬಾಯಿಯಲ್ಲಿ ಮೊದಲ ವಿದ್ಯುತ್ ಟ್ರಾಮ್ ಓಡಿದ್ದು 1907ರ ಮೇ ತಿಂಗಳಲ್ಲಿ.

ಬಳಿಕ ಮೂಸ್ 1846ರಿಂದ 1905ರವರೆಗಿನ ಅಷ್ಟೂ ಅಳತೆಗಳನ್ನು ಒಟ್ಟುಗೂಡಿಸಿ, ವಿಶ್ಲೇಷಿಸಿ, 1910ರಲ್ಲಿ ಎರಡು ಭಾಗಗಳಲ್ಲಿ ಪ್ರಕಟಿಸಿದರು. ಕಾಂತಬಿರುಗಾಳಿ ಹೇಗೆ ಆರಂಭವಾಗುತ್ತದೆ, ಹೇಗೆ ಇಳಿಯುತ್ತದೆ, ಹೇಗೆ ಚೇತರಿಸಿಕೊಳ್ಳುತ್ತದೆ ಎಂಬುದನ್ನು ತಿಳಿಯಲು ಆ ಸಂಪುಟಗಳು ಮುಂದಿನವರಿಗೆ ಮೆಟ್ಟಿಲಾದವು.

ಟ್ರಾಮುಗಳು 1964ರಲ್ಲಿ ಬೊಂಬಾಯಿಯ ಬೀದಿಗಳಿಂದ ಮರೆಯಾದವು. ಅಲಿಬಾಗಿನ ಮುಳ್ಳು ಇನ್ನೂ ಇದೆ. ಸ್ವಾತಂತ್ರ್ಯಾನಂತರವೂ ಹವಾಮಾನ ಇಲಾಖೆಯ ಅಡಿಯಲ್ಲಿ ಮುಂದುವರಿದ ಈ ಕೆಲಸಕ್ಕೆ 1971ರಲ್ಲಿ ಭಾರತೀಯ ಭೂಕಾಂತತ್ವ ಸಂಸ್ಥೆ ಎಂಬ ಸ್ವಾಯತ್ತ ಮನೆ ಸಿಕ್ಕಿತು. ಈಗ ಅದರ ಕೇಂದ್ರ ನವಿ ಮುಂಬಯಿಯ ಪನ್ವೇಲ್‌ನಲ್ಲಿದೆ. ತಿರುನೆಲ್ವೇಲಿಯಿಂದ ಗುಲ್ಮಾರ್ಗ್‌ವರೆಗೆ, ಶಿಲ್ಲಾಂಗ್‌ವರೆಗೆ ಅದರ ವೀಕ್ಷಣಾಲಯಗಳಿವೆ. ಮುಂಬಯಿಯಲ್ಲಿರುವ ಲಕ್ಷಾಂತರ ಕನ್ನಡಿಗರು, ತುಳುವರು, ಬ್ಯಾರಿಗಳಲ್ಲಿ ಅನೇಕರು ರಜೆಯ ದಿನ ಗೇಟ್‌ವೇಯಿಂದ ದೋಣಿ ಹತ್ತಿ ಮಾಂಡ್ವಾಕ್ಕೆ, ಅಲ್ಲಿಂದ ಅಲಿಬಾಗಿನ ಕಡಲತೀರಕ್ಕೆ ಹೋಗಿ ಬಂದವರೇ. ಒಂದು ಶತಮಾನದಿಂದ ಸೂರ್ಯನ ನಾಡಿ ಹಿಡಿದು ಕುಳಿತ ಕೋಣೆಯೊಂದು ಅದೇ ಊರಿನಲ್ಲಿದೆ ಎಂಬುದು ಅವರಲ್ಲಿ ಎಷ್ಟು ಮಂದಿಯ ಗಮನಕ್ಕೆ ಬಂದೀತು?

ಇಷ್ಟಕ್ಕೂ ಇದೆಲ್ಲ ನಮಗೇಕೆ ಎಂದು ಯಾರಾದರೂ ಕೇಳಬಹುದು. 1859ರಲ್ಲಿ ಕೆಟ್ಟದ್ದು ತಂತಿ ಮಾತ್ರ. ಕೆಡಲು ಬೇರೇನೂ ಇರಲಿಲ್ಲ. 1989ರ ಮಾರ್ಚ್ 13ರಂದು ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಅದಕ್ಕಿಂತ ಚಿಕ್ಕ ಬಿರುಗಾಳಿಗೇ ಇಡೀ ವಿದ್ಯುತ್ ಜಾಲ ಕುಸಿದು ಅರವತ್ತು ಲಕ್ಷ ಜನ ಸುಮಾರು ಒಂಬತ್ತು ಗಂಟೆ ಕತ್ತಲಲ್ಲಿ ಕುಳಿತರು. 2012ರ ಜುಲೈಯಲ್ಲಿ ಸೂರ್ಯ ಎಸೆದ ದೊಡ್ಡ ಮೋಡವೊಂದು ಭೂಮಿಯಿದ್ದ ದಿಕ್ಕಿಗೆ ಬಾರದೆ ತಪ್ಪಿತು. 2022ರ ಫೆಬ್ರವರಿಯಲ್ಲಿ ಸಾಧಾರಣ ಬಿರುಗಾಳಿಗೇ ಆಗಷ್ಟೇ ಹಾರಿಸಿದ್ದ ಸುಮಾರು ನಲ್ವತ್ತು ಸ್ಟಾರ್‌ಲಿಂಕ್ ಉಪಗ್ರಹಗಳು ನಾಶವಾದವು. ಇಂದು ನಮ್ಮ ಬೋಟಿನ ಜಿಪಿಎಸ್, ಬ್ಯಾಂಕಿನ ವ್ಯವಹಾರ, ವಿಮಾನದ ದಾರಿ, ಮನೆಯ ದೀಪ ಎಲ್ಲವೂ ಆ ನಡುಕದ ಕೈಗೆಟಕುವ ದೂರದಲ್ಲಿವೆ. ದೇಶದ ಸಂಪರ್ಕ ಉಪಗ್ರಹಗಳನ್ನು ನಮ್ಮ ಹಾಸನದಿಂದಲೇ ನಿಯಂತ್ರಿಸಲಾಗುತ್ತದೆ. ಅಲ್ಲಿ ಕುಳಿತವರಿಗೆ ಸೂರ್ಯನ ಮನಸ್ಸು ಕೆಡುವುದು ಪತ್ರಿಕೆಯ ಸುದ್ದಿಯಲ್ಲ, ದಿನದ ಕೆಲಸ.

2024ರ ಮೇ 10ರಂದು ಎರಡು ದಶಕಗಳಲ್ಲೇ ದೊಡ್ಡ ಬಿರುಗಾಳಿ ಬಂತು. ಲಡಾಖಿನ ಹಾನ್ಲೆಯಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರ ಕ್ಯಾಮರಾಗಳು ಕೆಂಪು ಆಕಾಶವನ್ನು ಸೆರೆಹಿಡಿದವು. ಅದೇ ಹೊತ್ತಿಗೆ ಭೂಮಿಯಿಂದ ಹದಿನೈದು ಲಕ್ಷ ಕಿಲೋಮೀಟರ್ ದೂರದಲ್ಲಿ ಆದಿತ್ಯ ಎಲ್1 ನೌಕೆಯೂ ಆ ಗಾಳಿಯನ್ನು ಅಳೆಯಿತು. ಆದಿತ್ಯ ಹೊರಟದ್ದು 2023ರ ಸೆಪ್ಟೆಂಬರ್ 2ರಂದು, ಕೊಲಾಬಾದ ಮುಳ್ಳು ನಡುಗಿದ ಅದೇ ತಾರೀಕಿಗೆ. ಅದರಲ್ಲಿ ಬೆಂಗಳೂರಿನಲ್ಲಿ ತಯಾರಾದ ಒಂದು ಕಾಂತಮಾಪಕವಿದೆ. ನೌಕೆಯ ಯಂತ್ರಗಳ ಕಾಂತಗುಣ ಅಳತೆಯನ್ನು ಕೆಡಿಸದಂತೆ ಅದನ್ನು ಆರು ಮೀಟರ್ ಉದ್ದದ ತೋಳಿಗೆ ಕಟ್ಟಿ ಹೊರಗೆ ಚಾಚಿದ್ದಾರೆ. ಮೂಸ್ ಅವರು ತಮ್ಮ ಮುಳ್ಳನ್ನು ಅಲಿಬಾಗಿಗೆ ಕೊಂಡೊಯ್ದ ಬುದ್ಧಿಯೇ ಇದು. ಗದ್ದಲದಿಂದ ದೂರ ನಿಂತರೆ ಮಾತ್ರ ದೂರದ ಮಾತು ಕೇಳಿಸುತ್ತದೆ.

ನಮ್ಮ ಊರುಗಳಲ್ಲಿ ಹಿಂದೆ ಶಾನುಭೋಗರು ಕಡತ ಬರೆಯುತ್ತಿದ್ದರು. ಹುಣಸೆಬೀಜದ ಸರಿ, ಇದ್ದಿಲ ಪುಡಿ ಸವರಿದ ಕಪ್ಪು ಬಟ್ಟೆಯ ಮೇಲೆ ಬಳಪದ ಲೆಕ್ಕ. ಅವರು ಬರೆದದ್ದು ಕಂದಾಯಕ್ಕಾಗಿ. ಇಂದು ಚರಿತ್ರೆಕಾರರು ಅದರಲ್ಲಿ ಮಳೆ, ಬೆಳೆ, ಬರ, ವಲಸೆಗಳನ್ನು ಓದುತ್ತಾರೆ. ಎಷ್ಟೋ ಮನೆಗಳ ಅಟ್ಟದಲ್ಲಿ ಅಂಥ ಕಡತ ಗೆದ್ದಲು ತಿಂದು ಹೋಯಿತು. ಪಂಚಾಯತಿಯ ಹಳೆಯ ರಿಜಿಸ್ಟರು, ಮಸೀದಿಯ ಹಳೆಯ ನಿಕಾಹ್ ಪುಸ್ತಕ, ಕೆರೆಯ ನೀರಿನ ಮಟ್ಟದ ಲೆಕ್ಕ ಇವುಗಳಲ್ಲಿ ಏನಿದೆ ಎಂದು ಕೇಳದೆಯೇ ನಾವು ರದ್ದಿಗೆ ಹಾಕುತ್ತೇವೆ. ಹೊಸ ಕಟ್ಟಡ ಬರುವಾಗ ಹಳೆಯದನ್ನು ಒಡೆಯುವ ಆತುರ ನಮಗೆ. ಎರಡು ವರ್ಷ ಎರಡನ್ನೂ ಒಟ್ಟಿಗೆ ನಡೆಸುವ ತಾಳ್ಮೆ ಎಲ್ಲಿದೆ?

ಬೊಂಬಾಯಿ ಟ್ರಾಮನ್ನೂ ಬಿಡಲಿಲ್ಲ, ಮುಳ್ಳನ್ನೂ ಕಳೆದುಕೊಳ್ಳಲಿಲ್ಲ. ಎರಡರಲ್ಲಿ ಒಂದೇ ಸಾಧ್ಯ ಎಂದು ನಮ್ಮನ್ನು ನಂಬಿಸುವವರಿಗೆ ಇದು ಉತ್ತರ. 1859ರ ಆ ಶುಕ್ರವಾರ ಐದೈದು ನಿಮಿಷಕ್ಕೆ ಕಣ್ಣಿಟ್ಟು ಓದಿದವನಿಗೆ ಕ್ಯಾರಿಂಗ್ಟನ್ ಯಾರೆಂದು ಗೊತ್ತಿರಲಿಲ್ಲ. ಉಪಗ್ರಹ ಎಂಬ ಪದವೂ ಅವನ ಕಿವಿಗೆ ಬಿದ್ದಿರಲಿಕ್ಕಿಲ್ಲ. ತನ್ನ ಸರದಿಯ ಕೆಲಸವನ್ನು ಕಂಡದ್ದು ಕಂಡಂತೆ ಬರೆದು ಎದ್ದುಹೋದ. ಅಂಕಿ ತಿದ್ದಲಿಲ್ಲ, ಕಷ್ಟವೆಂದು ಬಿಡಲಿಲ್ಲ. ಕಿಬ್ಲಾನುಮಾದ ಡಬ್ಬಿ ಮುಂದಿನ ಸಲ ಕೈಗೆ ಬಂದಾಗ, ಆ ಪುಟ್ಟ ಮುಳ್ಳು ನಿಲ್ಲುವ ಮುನ್ನ ತುಸು ಹೊತ್ತು ಅಲುಗುವುದನ್ನು ನೋಡುತ್ತಾ ನಾವು ಅವನನ್ನೊಮ್ಮೆ ನೆನೆಯಬಹುದು.